ಕ್ರಿಯಾ ಯೋಜನೆ ಬರೆದವರು ಯಾರು?

ವರ್ಷಕ್ಕೆ 5000 ಕೋಟಿ ರೂಪಾಯಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆಗಳ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ಬಜೆಟ್ಟಿನಲ್ಲಿ ಘೋಷಣೆಯಾಗುತ್ತಿರುವ ಮೊತ್ತ ಇದು. ಅದರ ಹಿಂದಿನ ವರ್ಷ 3000 ಕೋಟಿ ಇತ್ತು. ಘೋಷಣೆಗೂ ಬಿಡುಗಡೆಗೂ, ಬಿಡುಗಡೆಗೂ ಖರ್ಚಿಗೂ ನಡುವೆ ಇರುವ ಅಂತರ ಬೇರೆ ಮಾತು. ಅದರ ಬಗ್ಗೆ ಅಧಿವೇಶನದಲ್ಲಿ ಗದ್ದಲವಾಗುತ್ತದೆ, ಪತ್ರಿಕೆಗಳು ಬರೆಯುತ್ತವೆ. ಗದ್ದಲವೇ ಆಗದ ಪ್ರಶ್ನೆ ಇನ್ನೊಂದಿದೆ. ಆ ದುಡ್ಡು ಯಾವುದಕ್ಕೆ ಖರ್ಚಾಗಬೇಕು ಎಂಬ ಪಟ್ಟಿಯನ್ನು ಬರೆದವರು ಯಾರು?

ಆ ಪಟ್ಟಿಗೆ ಸರ್ಕಾರಿ ಕನ್ನಡದಲ್ಲಿ 'ಕ್ರಿಯಾ ಯೋಜನೆ' ಎಂಬ ಹೆಸರು. ತಾಲೂಕು ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಕೂತವರನ್ನು ಕೇಳಿ, ಕ್ರಿಯಾ ಯೋಜನೆ ಎಂದರೆ ಶಾಸಕರ ಲೆಟರ್‌ಹೆಡ್ಡು ಎನ್ನುತ್ತಾರೆ. ಇದರಲ್ಲಿ ಗುಟ್ಟೇನೂ ಇಲ್ಲ, ನಾಚಿಕೆಯೂ ಇಲ್ಲ. ಊರಿನ ಹೆಬ್ಬಾಗಿಲಿನಲ್ಲಿ ನಿಂತ ಫಲಕವೇ ಹೇಳುತ್ತದೆ: ಮಾನ್ಯ ಶಾಸಕರ ವಿಶೇಷ ಪ್ರಯತ್ನದಿಂದ ಮಂಜೂರಾದ ಸಿಸಿ ರಸ್ತೆ, ಇಷ್ಟು ಲಕ್ಷ. ಆ ರಸ್ತೆಯ ಮೇಲೆ ನಡೆಯುವವರು ಯಾವತ್ತಾದರೂ, ಎಲ್ಲಾದರೂ ಕೂತು ಅದನ್ನು ಕೇಳಿದ್ದರೇ ಎಂಬುದು ಫಲಕದಲ್ಲಿ ಇರುವುದಿಲ್ಲ.

ಈ ಪತ್ರ ಓದುವ ನಿಮ್ಮಲ್ಲಿ ಅನೇಕರು ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಇದ್ದೀರಿ. ಕೆಲವರು ಈ ಏಳು ಜಿಲ್ಲೆಗಳಿಂದಲೇ ಹೋದವರು. ಊರಿನ ಮಾತು ಬಂದಾಗ ನಮ್ಮಂಥವರು ಹೇಳುವುದು ಸಾಮಾನ್ಯವಾಗಿ ಎರಡೇ ಮಾತು. ಒಂದು, ನಮ್ಮ ಭಾಗಕ್ಕೆ ದುಡ್ಡು ಕೊಡಲಿಲ್ಲ. ಇನ್ನೊಂದು, ನಮ್ಮ ಭಾಗಕ್ಕೆ ದೊಡ್ಡ ಕಂಪನಿ ಬರಲಿಲ್ಲ. ಮೊದಲನೆಯದು ಬಹುಕಾಲ ನಿಜವಾಗಿತ್ತು. ಎರಡನೆಯದು ಅರ್ಧ ನಿಜ. ಎರಡೂ ಮಾತಿನಲ್ಲಿ ಊರಿನ ಜನ ಕೈಯೊಡ್ಡಿ ನಿಂತವರು, ಕೊಡುವವರು ಬೇರೆಲ್ಲೋ ಇರುವವರು. ಈ ಚಿತ್ರವೇ ತಪ್ಪು ಎಂಬುದು ನನ್ನ ತಕರಾರು. ಒಂದು ಪ್ರದೇಶದ ಆರ್ಥಿಕತೆಯನ್ನು ಅಲ್ಲಿ ದುಡಿಯುವವರನ್ನು ಬಿಟ್ಟು ಯೋಜಿಸುವುದು ಹೆಣ್ಣು ಗಂಡಿನ ಒಪ್ಪಿಗೆ ಕೇಳದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗೆ. ಊಟ ಭರ್ಜರಿಯಾಗಿರಬಹುದು, ಸಂಸಾರ ಸಾಗುವುದಿಲ್ಲ.

ದುಡ್ಡು ಸುಮ್ಮನೆ ಬಂದದ್ದಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಸಂವಿಧಾನದ 371(ಜೆ) ವಿಧಿಗಾಗಿ ವೈಜನಾಥ ಪಾಟೀಲರಂಥವರು ದಶಕಗಳ ಕಾಲ ಬೀದಿಯಲ್ಲಿದ್ದರು. ಮಲ್ಲಿಕಾರ್ಜುನ ಖರ್ಗೆ ಮತ್ತು ಧರಂ ಸಿಂಗ್ ದೆಹಲಿಯಲ್ಲಿ ಅದನ್ನು ದಡ ಮುಟ್ಟಿಸಿದರು. 2012ರಲ್ಲಿ ಸಂಸತ್ತಿನಲ್ಲಿ ತಿದ್ದುಪಡಿ, 2013ರಲ್ಲಿ ಮಂಡಳಿ. ಆ ವಿಧಿಯಿಂದ ಸಿಕ್ಕ ಕಾಲೇಜು ಸೀಟು ಮತ್ತು ನೌಕರಿಯ ಮೀಸಲಾತಿ ಎಷ್ಟೋ ಮನೆಗಳ ದಿಕ್ಕು ಬದಲಿಸಿದೆ. ಕಮಲಾಪುರದ, ದೇವದುರ್ಗದ ಹುಡುಗಿ ವೈದ್ಯಕೀಯ ಓದುವುದು ಇವತ್ತು ಸೋಜಿಗವಲ್ಲ. ಗಮನಿಸಬೇಕಾದದ್ದು ಏನೆಂದರೆ, ಮೀಸಲಾತಿ ನೇರವಾಗಿ ವ್ಯಕ್ತಿಯ ಕೈಗೆ ಹೋಯಿತು, ಆಕೆ ತನಗೆ ಬೇಕಾದ ಕೋರ್ಸನ್ನು ತಾನೇ ಆರಿಸಿಕೊಂಡಳು. ಮಂಡಳಿಯ ದುಡ್ಡು ಹಾಗೆ ಹೋಗಲಿಲ್ಲ. ಮಂಡಳಿಯ ಅಧ್ಯಕ್ಷರನ್ನು ಸರ್ಕಾರ ನೇಮಿಸುತ್ತದೆ. ಮಂಡಳಿಯ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಎಂದು ವಿಧಿಯೇ ಹೇಳುತ್ತದೆ. ಗ್ರಾಮಸಭೆಯ ಮುಂದೆ ಬರಬೇಕು ಎಂದು ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ.

ಇದಕ್ಕೆ ಒಂದು ಹಿನ್ನೆಲೆ ಇದೆ. 2002ರಲ್ಲಿ ಪ್ರೊ. ಡಿ. ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಿತು. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಎಂಟು ವರ್ಷಕ್ಕೆ 31,000 ಕೋಟಿಯ ವಿಶೇಷ ಯೋಜನೆ ಬೇಕು ಎಂದಿತು. ನಂಜುಂಡಪ್ಪನವರ ಬಗ್ಗೆ ನನಗೆ ಅಪಾರ ಗೌರವವಿದೆ. ಬಾಯಿಮಾತಿನ ದೂರಾಗಿದ್ದ ಅನ್ಯಾಯಕ್ಕೆ ಅಂಕಿಯ ಸಾಕ್ಷಿ ಒದಗಿಸಿದವರು ಅವರು. 35 ಸೂಚಕಗಳನ್ನು ಇಟ್ಟುಕೊಂಡು ಅಳೆಯಲು ಬರುವುದನ್ನೆಲ್ಲ ಅಳೆದರು. ತೊಂದರೆ ಶುರುವಾದದ್ದು ಅಳತೆಗೋಲನ್ನೇ ಯೋಜನೆ ಎಂದು ತಿಳಿದವರಿಂದ. ತಾಲೂಕು ಎಷ್ಟು ಹಿಂದುಳಿದಿದೆ ಎಂದು ಸೂಚ್ಯಂಕ ಹೇಳಬಲ್ಲದು, ಮುಂದೆ ಯಾವ ದಾರಿ ಹಿಡಿಯಬೇಕು ಎಂದು ಹೇಳಲಾರದು. ಥರ್ಮಾಮೀಟರ್ ಜ್ವರ ತೋರಿಸುತ್ತದೆ, ಔಷಧ ಬರೆದುಕೊಡುವುದಿಲ್ಲ. ನಮ್ಮಲ್ಲಿ ಥರ್ಮಾಮೀಟರ್ ನೋಡಿ ತಾಲೂಕಿಗೆ ಇಷ್ಟು ಕೋಟಿ ಎಂದು ಹಂಚಿದರು, ಔಷಧದ ಚೀಟಿ ಬರೆಯುವ ಕೆಲಸವನ್ನು ಶಾಸಕರಿಗೂ ಗುತ್ತಿಗೆದಾರರಿಗೂ ಬಿಟ್ಟರು. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಇನ್ನೊಂದು ಸಮಿತಿ ಮಾಡಿತು. ಅಳತೆಗೋಲು ಹೊಸದಾಗಲಿ, ಸಂತೋಷ. ಚೀಟಿ ಬರೆಯುವ ಕೈ ಹಳೆಯದೇ ಉಳಿದರೆ ಇನ್ನೊಂದು ಇಪ್ಪತ್ತು ವರ್ಷ ಇದೇ ಲೇಖನವನ್ನು ಬೇರೆ ಯಾರೋ ಬರೆಯಬೇಕಾಗುತ್ತದೆ.

ಯೋಜನೆಯನ್ನು ಯಾರು ಬರೆಯಬೇಕು ಎಂಬುದಕ್ಕೆ ಸಂವಿಧಾನದಲ್ಲಿ ಉತ್ತರವಿದೆ, ಅದೂ 371(ಜೆ)ಗಿಂತ ಇಪ್ಪತ್ತು ವರ್ಷ ಹಳೆಯ ಉತ್ತರ. 243 ಜಿ ವಿಧಿ ಪಂಚಾಯತಿಗಳಿಗೆ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯದ ಯೋಜನೆ ತಯಾರಿಸುವ ಅಧಿಕಾರ ಕೊಡುವ ಮಾತಾಡುತ್ತದೆ. ಹನ್ನೊಂದನೇ ಅನುಸೂಚಿಯಲ್ಲಿ ಕೃಷಿಯಿಂದ ಹಿಡಿದು ಸಣ್ಣ ಕೈಗಾರಿಕೆಯವರೆಗೆ 29 ವಿಷಯಗಳಿವೆ. 243 ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಜಿಲ್ಲಾ ಪಂಚಾಯತಿ ಮತ್ತು ನಗರಸಭೆ, ಪುರಸಭೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದ ಆರಿಸಿದವರಾಗಿರಬೇಕು. ಹಳ್ಳಿಯ ಯೋಜನೆಯನ್ನೂ ಪಟ್ಟಣದ ಯೋಜನೆಯನ್ನೂ ಹೊಂದಿಸಿ ಜಿಲ್ಲೆಯ ಕರಡು ಯೋಜನೆ ಮಾಡುವುದು ಅವರ ಕೆಲಸ.

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದು ಕೂತರು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಹೈಕೋರ್ಟು, ಮತ್ತೆ ಕಾಲಾವಕಾಶ, ಹೀಗೆ ವರ್ಷಗಳು ಉರುಳಿದವು. ಈ ಅವಧಿಯಲ್ಲಿ ರಾಜ್ಯದ ಮೂರೂ ದೊಡ್ಡ ಪಕ್ಷಗಳಲ್ಲಿ ಯಾವುದೂ ಇದಕ್ಕಾಗಿ ಒಂದು ದಿನ ಬಂದ್ ಕರೆಯಲಿಲ್ಲ. ಕಾರಣ ಸರಳ. ಜಿಲ್ಲಾ ಪಂಚಾಯತಿ ಸದಸ್ಯ ಎಂದರೆ ಶಾಸಕನಿಗೆ ಪ್ರತಿಸ್ಪರ್ಧಿ. ಚುನಾಯಿತ ಜಿಲ್ಲಾ ಪಂಚಾಯತಿಯೇ ಇಲ್ಲದ ಮೇಲೆ ಜಿಲ್ಲಾ ಯೋಜನಾ ಸಮಿತಿಗೆ ಜೀವ ಎಲ್ಲಿಂದ ಬರಬೇಕು? ಕಂಬವಿಲ್ಲದ ಮನೆಗೆ ತೊಲೆ ಇಟ್ಟ ಹಾಗಾಯಿತು. 5000 ಕೋಟಿಯ ಘೋಷಣೆಯೂ ಬಾಗಿಲು ಮುಚ್ಚಿದ ಜಿಲ್ಲಾ ಪಂಚಾಯತಿಯೂ ಒಂದೇ ಕಾಲದ ಸುದ್ದಿಗಳು ಎಂಬುದನ್ನು ನೆನಪಿಡಿ. ದುಡ್ಡು ಹೆಚ್ಚಿದಷ್ಟೂ ಅದನ್ನು ಕೇಳುವ ಬಾಯಿ ಕಡಿಮೆಯಾಗುತ್ತಾ ಬಂತು.

ನಮಗೆ ಗೊತ್ತಿಲ್ಲದ ವಿದ್ಯೆಯೂ ಇದಲ್ಲ. ದೇಶಕ್ಕೆ 73ನೇ ತಿದ್ದುಪಡಿ ಬರುವ ಮೊದಲೇ, 1987ರಲ್ಲಿ, ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಿತ್ತು. ಅಬ್ದುಲ್ ನಜೀರ್ ಸಾಬ್ ಕಟ್ಟಿದ ಆ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಕೆಲಸ ಮಾಡುವ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಮಹಿಳೆಯರಿಗೆ ಕಾಲು ಭಾಗ ಮೀಸಲಾತಿ. ಆಗ ದೇಶವೇ ಕರ್ನಾಟಕದ ಕಡೆ ನೋಡುತ್ತಿತ್ತು. ಈಗ ನಾವು ಕೇರಳದ ಕಡೆ ನೋಡುತ್ತೇವೆ. ಕೇರಳಕ್ಕೆ ಆಮೇಲೆ ಬರುತ್ತೇನೆ.

"ಗ್ರಾಮ ಪಂಚಾಯತಿಗಳು ಇವೆಯಲ್ಲ, ಗ್ರಾಮಸಭೆ ನಡೆಯುತ್ತದಲ್ಲ, 'ನಮ್ಮ ಗ್ರಾಮ ನಮ್ಮ ಯೋಜನೆ' ಇದೆಯಲ್ಲ" ಎಂದು ಅಧಿಕಾರಿಗಳು ಹೇಳುತ್ತಾರೆ. ಇದೆ. ಪ್ರತಿ ವರ್ಷ ಅಕ್ಟೋಬರ್ 2ರ ಸುಮಾರಿಗೆ ದೇಶದಾದ್ಯಂತ ಜನಯೋಜನಾ ಅಭಿಯಾನ ಶುರುವಾಗುತ್ತದೆ. ಸಭೆಯ ಫೋಟೊ ತೆಗೆದು ಆ್ಯಪಿಗೆ ಏರಿಸಬೇಕು. ಶಾಮಿಯಾನ ಹಾಕುತ್ತಾರೆ, ಚಹಾ ಬರುತ್ತದೆ, ಆಶಾ ಕಾರ್ಯಕರ್ತೆಯರೂ ಅಂಗನವಾಡಿಯವರೂ ಮೊದಲ ಸಾಲು ತುಂಬುತ್ತಾರೆ. ನೋಡಲ್ ಅಧಿಕಾರಿ ವಾಚು ನೋಡುತ್ತಾರೆ. ಪಿಡಿಒ ಹಿಂದಿನ ವರ್ಷದ ಠರಾವು ಓದುತ್ತಾರೆ. ಯಾರೋ ಒಬ್ಬರು ಎದ್ದು ಹಿಂದಿನ ಬಿಲ್ಲಿನ ಬಗ್ಗೆ ಜೋರು ಮಾಡುತ್ತಾರೆ, ಗಲಾಟೆಯಾಗುತ್ತದೆ, ಸಹಿ ಪುಸ್ತಕ ಒಂದು ಸುತ್ತು ಬರುತ್ತದೆ, ಮುಗಿಯಿತು. ಠರಾವಿನಲ್ಲಿ ಸಿಸಿ ರಸ್ತೆ, ಚರಂಡಿ, ಹೈಮಾಸ್ಟ್ ದೀಪ, ಸಮುದಾಯ ಭವನ, ಗುಡಿಯ ಕಾಂಪೌಂಡು.

ಇದನ್ನು ನೋಡಿದ ಪಟ್ಟಣದ ಪಂಡಿತರು ಹೇಳುತ್ತಾರೆ: ನೋಡಿ, ಹಳ್ಳಿಯವರಿಗೆ ಆರ್ಥಿಕತೆ ತಿಳಿಯುವುದಿಲ್ಲ, ಕೇಳಿದರೆ ರಸ್ತೆ ಮತ್ತು ಗುಡಿ ಎನ್ನುತ್ತಾರೆ. ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವೊಮ್ಮೆ ನಮ್ಮದೇ ಭಾಗದಿಂದ ಮೇಲೆ ಬಂದವರ ಬಾಯಲ್ಲಿ. ಹೋಟೆಲಿನವನು ಇಡ್ಲಿ ಬಿಟ್ಟು ಬೇರೇನೂ ಮಾಡದಿದ್ದರೆ ಗಿರಾಕಿ ಇಡ್ಲಿಯನ್ನೇ ಕೇಳುತ್ತಾನೆ. ಅದನ್ನು ನೋಡಿ ಈ ಊರಿನವರಿಗೆ ಇಡ್ಲಿ ಬಿಟ್ಟರೆ ರುಚಿಯೇ ಗೊತ್ತಿಲ್ಲ ಎಂದು ಪ್ರಬಂಧ ಬರೆಯುವುದು ಎಂಥ ಜಾಣತನ? ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ 60 ಪ್ರತಿಶತ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಹಾಕಿದ್ದು. ಉಳಿದ 40ರಲ್ಲಿ ಬೀದಿದೀಪ, ದುರಸ್ತಿ, ಹಳೆಯ ಬಾಕಿ. ಉದ್ಯೋಗ ಖಾತರಿ ಕಾಮಗಾರಿಗೆ ಅದರದೇ ಮಾದರಿಪಟ್ಟಿ. ಇನ್ನು ಮಂಡಳಿಯ ದೊಡ್ಡ ದುಡ್ಡು ಪಂಚಾಯತಿಯ ಬಾಗಿಲಿಗೇ ಬರುವುದಿಲ್ಲ. ಇಷ್ಟು ಚಿಕ್ಕ ಅಂಗಳದಲ್ಲಿ ಜನ ಏನು ಕೇಳಬೇಕಿತ್ತು, ತೊಗರಿಯ ರಫ್ತು ನೀತಿಯೇ?

ತೊಗರಿಯ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲೋಣ. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ನೀವು ಚೆನ್ನೈಯಲ್ಲಿ ಸಾಂಬಾರು ಮಾಡಿದರೂ ಪುಣೆಯಲ್ಲಿ ವರಣ ಮಾಡಿದರೂ ಬೇಳೆ ನಮ್ಮ ಕಡೆಯದೇ ಇರಬಹುದು. ಕಪ್ಪು ಎರೆಮಣ್ಣಿನಲ್ಲಿ, ಮಳೆಯನ್ನೇ ನಂಬಿ, ಜೂನ್-ಜುಲೈನಲ್ಲಿ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ಕೊಯ್ಯುವ ಬೆಳೆ. 2022ರಲ್ಲಿ ನೆಟೆ ರೋಗ ಬಂದು ಹೂವು ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ರೋಗ ಬಾರದ ವರ್ಷ ಇನ್ನೊಂದು ಸಂಕಟ. ಎಲ್ಲರ ತೊಗರಿಯೂ ಒಂದೇ ತಿಂಗಳು ಮಾರುಕಟ್ಟೆಗೆ ಬರುತ್ತದೆ, ದರ ಕುಸಿಯುತ್ತದೆ. ಸರ್ಕಾರ 2025-26ಕ್ಕೆ ಕ್ವಿಂಟಲಿಗೆ 8000 ರೂಪಾಯಿ ಬೆಂಬಲ ಬೆಲೆ ಘೋಷಿಸಿತು, ಅದೇ ಸರ್ಕಾರ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್‌ವರೆಗೆ ಮುಂದುವರಿಸಿತು. ಮ್ಯಾನ್ಮಾರ್, ಮೊಜಾಂಬಿಕ್‌ನ ತೊಗರಿ ಮುಂಬಯಿ ಬಂದರಿಗೆ ಇಳಿಯುವಾಗ ಇಲ್ಲಿ ಆಳಂದದ, ಚಿತ್ತಾಪುರದ ರೈತ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೋ ಎಂದು ಕಾಯುತ್ತಿರುತ್ತಾನೆ. ಸಾಲಗಾರ ಕಾಯುವುದಿಲ್ಲ. ಆದ್ದರಿಂದ ಅಡತಿ ಅಂಗಡಿಗೆ ಹಾಕುತ್ತಾನೆ.

ಈ ರೈತನನ್ನು ಕೂರಿಸಿ ನಿನ್ನ ತಾಲೂಕಿಗೆ ಬಂದ ದುಡ್ಡಿನಲ್ಲಿ ಏನು ಮಾಡಬೇಕು ಎಂದು ನಿಜವಾಗಿ ಕೇಳಿ. ಮೊದಲು ರಸ್ತೆ ಎನ್ನುತ್ತಾನೆ, ಅಭ್ಯಾಸ. ಇನ್ನೊಂದು ಗಂಟೆ ಕೂತರೆ ಬೇರೆ ಮಾತು ಹೊರಡುತ್ತದೆ. ನಾಲ್ಕು ಊರಿಗೊಂದು ಗೋದಾಮು ಇದ್ದು, ತೊಗರಿ ಇಟ್ಟ ರಸೀದಿಯ ಮೇಲೆ ಸಹಕಾರ ಸಂಘ ಸಾಲ ಕೊಟ್ಟರೆ ಜನವರಿಯಲ್ಲಿ ಮಾರುವುದನ್ನು ಜೂನ್‌ವರೆಗೆ ತಡೆಯಬಹುದು. ಕಾಯಿಕೊರಕ ಬಂದಾಗ ಸಲಹೆ ಕೊಡಲು ರೈತ ಸಂಪರ್ಕ ಕೇಂದ್ರದಲ್ಲಿ ಒಬ್ಬ ಮನುಷ್ಯ ಇರಬೇಕು, ಖಾಲಿ ಕುರ್ಚಿಯಲ್ಲ. ಊರಿನಲ್ಲೇ ಸಣ್ಣ ಬೇಳೆ ಯಂತ್ರ ಹಾಕಿದರೆ ಹೊಟ್ಟು ಮತ್ತು ನುಚ್ಚು ಎಮ್ಮೆಗೆ ಉಳಿಯುತ್ತದೆ, ಹೆಂಗಸರ ಸಂಘಕ್ಕೆ ಕೆಲಸವಾಗುತ್ತದೆ, ಆದರೆ ಅದಕ್ಕೆ ತ್ರೀ ಫೇಸ್ ವಿದ್ಯುತ್ತು ಹಗಲು ಹೊತ್ತು ಬೇಕು. ಇದು ಆರ್ಥಿಕ ಯೋಜನೆಯಲ್ಲದೆ ಮತ್ತೇನು? ಇದರಲ್ಲಿ ದಾಸ್ತಾನು ಇದೆ, ಸಾಲ ಇದೆ, ಮೌಲ್ಯವರ್ಧನೆ ಇದೆ, ಉಪ ಉತ್ಪನ್ನವೂ ಇದೆ. ಇಂಗ್ಲಿಷ್ ಪಾರಿಭಾಷಿಕ ಪದಗಳು ಮಾತ್ರ ಇಲ್ಲ. ಆದರೆ ಗೋದಾಮಿನ ರಸೀದಿ ಸಾಲಕ್ಕೆ ಉದ್ಘಾಟನೆಯ ಕಲ್ಲು ಹಾಕಲು ಬರುವುದಿಲ್ಲ, ಕೃಷಿ ಸಹಾಯಕನ ಸಂಬಳದಲ್ಲಿ ಗುತ್ತಿಗೆದಾರನಿಗೆ ಪಾಲಿಲ್ಲ. ಪಟ್ಟಿಯಲ್ಲಿ ಸಮುದಾಯ ಭವನವೇ ಉಳಿಯುವುದಕ್ಕೆ ಇದಕ್ಕಿಂತ ದೊಡ್ಡ ಗುಟ್ಟಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಹೂವನ್ನು ಕಟ್ಟಿಸಿಕೊಂಡವರು ಹಸಿದವರಲ್ಲ, ಹೂ ಮಾರುವವರು.

ತಜ್ಞರು ಬೇಡವೇ ಎಂದು ಕೇಳಬಹುದು. ಬೇಕು. ತಜ್ಞರ ಲೆಕ್ಕಕ್ಕೆ ಊರಿನ ಲೆಕ್ಕ ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೇ ಸಾಕ್ಷಿ. ಕಾಲುವೆಯ ವಿನ್ಯಾಸದಲ್ಲಿ ಬಹುಪಾಲು ಭೂಮಿ ಅರೆನೀರಾವರಿಗೆ, ಅಂದರೆ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ. ಕಾಗದದ ಮೇಲೆ ನೀರು ಎಲ್ಲರಿಗೂ ಸ್ವಲ್ಪಸ್ವಲ್ಪ ಸಿಗುವಂತೆ ಹಂಚಿದ್ದರು, ಬರ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ನೀರು ಬಂದಾಗ ಮೇಲ್ಭಾಗದಲ್ಲಿ ಭತ್ತ ಬೆಳೆಯುವುದನ್ನು ತಡೆಯುವವರು ಯಾರು, ಕೆಳಭಾಗದವರು ಯಾರ ಬಳಿ ತಕರಾರು ಹೇಳಬೇಕು, ಈ ಒಪ್ಪಂದವನ್ನು ಯಾರ ಜೊತೆ ಮಾಡಿಕೊಂಡಿರಿ ಎಂಬ ಪ್ರಶ್ನೆಗಳು ನಕ್ಷೆಯಲ್ಲಿ ಇರಲಿಲ್ಲ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಗದ್ದೆಗಳೂ ಅಕ್ಕಿ ಗಿರಣಿಗಳೂ ಬೆಳೆದವು. ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ಇವತ್ತಿಗೂ ನೀರಿಗಾಗಿ ರಸ್ತೆ ತಡೆ ಮಾಡುತ್ತಾರೆ. ನೀರು ಬಳಕೆದಾರರ ಸಂಘಗಳು ಆಮೇಲೆ ಬಂದವು, ಕಾಲುವೆಯ ಬೀಗ ಅವರ ಕೈಗೆ ಬರಲಿಲ್ಲ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಡೀ ದೇಶ ತಿರುಗಿ ನೋಡಿತು. ಕೊನೆ ಭಾಗಕ್ಕೆ ದಶಕಗಳಿಂದ ನೀರು ಮುಟ್ಟದಿರುವುದು ಯಾರಿಗೂ ಸುದ್ದಿಯಲ್ಲ.

ಕೈಗಾರಿಕೆಯ ಕಥೆ ಇನ್ನೂ ಒರಟು. ಬಳ್ಳಾರಿಯ ಕುಡತಿನಿ ಸುತ್ತಲಿನ ಸಾವಿರಾರು ಎಕರೆ ಜಮೀನನ್ನು 2010ರ ಆಸುಪಾಸಿನಲ್ಲಿ ಉಕ್ಕಿನ ಕಾರ್ಖಾನೆಗಳಿಗೆಂದು ತೆಗೆದುಕೊಂಡರು. ಹೇಳಿದ ಉಕ್ಕು ಬರಲಿಲ್ಲ, ನೌಕರಿ ಬರಲಿಲ್ಲ, ರೈತರು ವರ್ಷಗಟ್ಟಲೆ ಧರಣಿ ಕೂತರು. 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ, ಗವಿಸಿದ್ಧೇಶ್ವರ ಸ್ವಾಮೀಜಿಯವರನ್ನು ಮುಂದಿಟ್ಟುಕೊಂಡು, ಊರ ಮಗ್ಗುಲಲ್ಲೇ ಬರಲಿದ್ದ ಉಕ್ಕಿನ ಕಾರ್ಖಾನೆ ಬೇಡ ಎಂದು ಬೀದಿ ತುಂಬಿದರು. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ ಮೂರು ವರ್ಷಕ್ಕೂ ಮೀರಿದ ಹೋರಾಟದ ಮೇಲೆ 2025ರ ಜುಲೈನಲ್ಲಿ 1777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಅಭಿವೃದ್ಧಿಗೆ ಜನ ಅಡ್ಡಗಾಲು ಎನ್ನುವವರು ಈ ಮೂರನ್ನೂ ಉದಾಹರಣೆ ಕೊಡುತ್ತಾರೆ. ನಾನೂ ಅವೇ ಉದಾಹರಣೆ ಕೊಡುತ್ತೇನೆ. ಮೊದಲೇ ಕೇಳಿದ್ದರೆ ಆರು ತಿಂಗಳಲ್ಲಿ ಮುಗಿಯುತ್ತಿದ್ದ ಮಾತುಕತೆ, ಕೇಳದೆ ಹೋದದ್ದರಿಂದ ವರ್ಷಗಟ್ಟಲೆ ಧರಣಿಯಾಯಿತು. ಸಮಯ ಉಳಿಸುವ ಲೆಕ್ಕದಲ್ಲಿಯೇ ನೋಡಿದರೂ ಯಾವುದು ಅಗ್ಗ?

ಗ್ರಾಮಸಭೆ ಎಂದರೆ ದೇವರ ಕಟ್ಟೆ ಎಂದು ನಂಬುವ ಗೆಳೆಯರೂ ನನಗಿದ್ದಾರೆ. ಅವರ ಜೊತೆಗೂ ಜಗಳವಿದೆ. ಹಳ್ಳಿಯ ಸಭೆ ಹಳ್ಳಿಯಷ್ಟೇ ಸಮಾನ. ಗೌಡರು, ಸಾಹುಕಾರರು ಮುಂದಿನ ಕುರ್ಚಿಯಲ್ಲಿ, ಮಾದರ ಓಣಿಯವರು ಗೋಡೆಗೆ ಒರಗಿ, ಹೆಂಗಸರು ಸೆರಗು ಮುಚ್ಚಿಕೊಂಡು ಒಂದು ಬದಿಗೆ. ಅಧ್ಯಕ್ಷೆಯ ಪರವಾಗಿ ಅವರ ಯಜಮಾನರೇ ಮಾತಾಡುವುದು ಈಗ ಜೋಕೂ ಅಲ್ಲ. ಬಹುಕಾಲ ತಾಂಡಾಗಳು ಕಂದಾಯ ನಕ್ಷೆಯಲ್ಲೇ ಇರಲಿಲ್ಲ. ನಕ್ಷೆಯಲ್ಲಿ ಇಲ್ಲದ ಊರಿನ ಬೇಡಿಕೆ ಯಾರ ಪಟ್ಟಿಗೆ ಸೇರುತ್ತದೆ? ರಾಯಚೂರು, ಬಳ್ಳಾರಿಯಲ್ಲಿ ಪರಿಶಿಷ್ಟ ಪಂಗಡದವರ ಸಂಖ್ಯೆ ದೊಡ್ಡದಿದ್ದರೂ ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೇ ಇಲ್ಲ, ಆದ್ದರಿಂದ ಬುಡಕಟ್ಟು ಗ್ರಾಮಸಭೆಗಳಿಗೆ ಬೇರೆ ರಾಜ್ಯಗಳಲ್ಲಿರುವ ವಿಶೇಷ ಕಾನೂನಿನ ಬಲವೂ ಇಲ್ಲಿಲ್ಲ. ಇಷ್ಟೆಲ್ಲ ನಿಜ. ಆದರೆ ಶಾಸಕರ ಮನೆಯ ಹಜಾರದಲ್ಲಿ ಪಟ್ಟಿ ಆಗುವಾಗ ಮಾದರ ಓಣಿಯವರು ಗೋಡೆಗೆ ಒರಗಿಯಾದರೂ ಇರುತ್ತಾರೆಯೇ? ಓಣಿಯ ವಾರ್ಡ್ ಸಭೆ, ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಎಲ್ಲವೂ ನಮ್ಮ ವ್ಯವಸ್ಥೆಯಲ್ಲಿ ಇವೆ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಎದ್ದು ನಿಂತು ಶಾಲೆಗೆ ಬಸ್ಸಿಲ್ಲ, ಶೌಚಾಲಯದಲ್ಲಿ ನೀರಿಲ್ಲ ಎಂದು ಹೇಳುವುದನ್ನು ಕೇಳಿದರೆ ದೊಡ್ಡವರ ಸಭೆಗಿಂತ ಅದೇ ವಾಸಿ ಅನಿಸುತ್ತದೆ. ಸಭೆಯ ಮುಂದೆ ಇಟ್ಟ ದುಡ್ಡು ದೊಡ್ಡದಾದಾಗ, ಈ ಸಲ ಬಿಟ್ಟರೆ ಕೈತಪ್ಪುತ್ತದೆ ಎಂದು ಗೊತ್ತಾದಾಗ, ಗೋಡೆಗೆ ಒರಗಿದವರೂ ಮುಂದೆ ಬರುತ್ತಾರೆ. ಖಾಲಿ ತಟ್ಟೆಯ ಮುಂದೆ ಯಾರು ತಾನೇ ಹೊತ್ತು ಹಾಕುತ್ತಾರೆ?

ಶಾಲೆಯ ಮಾತಿನಲ್ಲಿ ಇನ್ನೊಂದು ಸಂಗತಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯಕ್ಕೆ ಕೊನೆ, 2025ರಲ್ಲಿ ಕಲಬುರಗಿ ಕೊನೆ. ಈಚಿನ ವರ್ಷಗಳಲ್ಲಿ 'ಅಕ್ಷರ ಆವಿಷ್ಕಾರ' ಎಂಬ ಹೆಸರಿನಲ್ಲಿ ಮಂಡಳಿ ಶಿಕ್ಷಣದ ಕಡೆ ದುಡ್ಡು ತಿರುಗಿಸಿದೆ, ಅದು ಒಳ್ಳೆಯದು. ಆದರೆ ಮಕ್ಕಳು ಯಾಕೆ ನಪಾಸಾಗುತ್ತಾರೆ ಎಂಬ ಪ್ರಶ್ನೆಗೆ ತರಗತಿಯೊಳಗಿನ ಉತ್ತರ ಅರ್ಧ ಮಾತ್ರ. ನಮ್ಮ ಕಡೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಉಂಡು, ತೊಗರಿ ರಾಶಿ ಮುಗಿಸಿದ ಮೇಲೆ ಕೂಲಿಯ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು. ಪರೀಕ್ಷೆ ಮಾರ್ಚ್‌ನಲ್ಲಿ. ಹುಡುಗ ಅಪ್ಪನ ಜೊತೆ ಸಿಮೆಂಟು ಕಲಸುತ್ತಿರುತ್ತಾನೆ ಅಥವಾ ಹುಡುಗಿ ತಮ್ಮನನ್ನು ಎತ್ತಿಕೊಂಡು ಶೆಡ್ಡಿನಲ್ಲಿ ಕಾಯುತ್ತಿರುತ್ತಾಳೆ. ಇದನ್ನು ಕಂಡುಹಿಡಿಯಲು ಸಮಿತಿ ಬೇಡ. ಆ ಓಣಿಯ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ: ನಾಲ್ಕು ತಿಂಗಳು ಮಕ್ಕಳನ್ನು ಇಟ್ಟುಕೊಂಡು ಊಟ ಹಾಕುವ ವ್ಯವಸ್ಥೆ ಊರಲ್ಲೇ ಮಾಡಿ, ನಾವು ಬಿಟ್ಟುಹೋಗುತ್ತೇವೆ. ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುವ ಹಂಗಾಮಿ ಹಾಸ್ಟೆಲು ಮೊದಲು, ಸ್ಮಾರ್ಟ್ ಬೋರ್ಡು ಆಮೇಲೆ. ಈ ಕ್ರಮವನ್ನು ಹೇಳುವವಳ ಬಾಯಿಗೂ ಕ್ರಿಯಾ ಯೋಜನೆ ಬರೆಯುವವರ ಕಿವಿಗೂ ನಡುವೆ ದಾರಿಯಿಲ್ಲ.

ಕೇರಳದಲ್ಲಿ ಆ ದಾರಿ ಮಾಡಿದರು. 1996ರಲ್ಲಿ ಅಲ್ಲಿ ಜನಯೋಜನೆ ಶುರುವಾದಾಗ ರಾಜ್ಯದ ಯೋಜನಾ ಹಣದ 35ರಿಂದ 40 ಪ್ರತಿಶತವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಯಿತು. ಮೊದಲು ದುಡ್ಡು ಎಷ್ಟು ಎಂದು ಹೇಳಿದರು, ಆಮೇಲೆ ಸಭೆ ಕರೆದರು. ನಮ್ಮಲ್ಲಿ ಸಭೆ ಮೊದಲು, ದುಡ್ಡಿನ ಸುದ್ದಿ ಎಂದೋ. ಗ್ರಾಮಸಭೆಯ ಮಾತನ್ನು ಹಿಡಿದುಕೊಂಡು ಪಂಚಾಯತಿ ಮಟ್ಟದಲ್ಲಿ ಅಭಿವೃದ್ಧಿ ವಿಚಾರ ಸಂಕಿರಣ, ವಿಷಯವಾರು ಕಾರ್ಯಪಡೆ, ಆಮೇಲೆ ತಾಂತ್ರಿಕ ಪರಿಶೀಲನೆ. ಆ ಪರಿಶೀಲನೆಗೆ ನಿವೃತ್ತ ಇಂಜಿನಿಯರುಗಳು, ಕೃಷಿ ಅಧಿಕಾರಿಗಳು, ಪ್ರಾಧ್ಯಾಪಕರು ಸ್ವಯಂಸೇವಕರಾಗಿ ಬಂದರು. ಎಲ್ಲ ಚೆಂದವಾಗಿ ನಡೆಯಿತೆಂದಲ್ಲ. ದುಡ್ಡು ಚಿಕ್ಕ ಚಿಕ್ಕ ಕೆಲಸಗಳಿಗೆ ಹರಿದು ಹಂಚಿಹೋಯಿತು, ಉತ್ಪಾದನೆಯ ಯೋಜನೆಗಳು ಮನೆ, ರಸ್ತೆಯಷ್ಟು ಗಟ್ಟಿಯಾಗಲಿಲ್ಲ ಎಂಬ ಟೀಕೆ ಅಲ್ಲಿಯವರೇ ಮಾಡಿದ್ದಾರೆ. ಆ ತಪ್ಪುಗಳನ್ನು ಮಾಡುವ ಯೋಗ್ಯತೆಗಾದರೂ ನಾವು ಮುಟ್ಟಬೇಕು.

ಹಾಗಾದರೆ ಏನು ಕೇಳಬೇಕು? ಜಿಲ್ಲಾ ಪಂಚಾಯತಿ ಚುನಾವಣೆಯ ದಿನಾಂಕ ಸರ್ಕಾರದ ಮರ್ಜಿಗೆ ಸೇರಿದ್ದಲ್ಲ ಎಂದು ಮೊದಲು ಗಟ್ಟಿಯಾಗಿ ಹೇಳಬೇಕು. ಮಂಡಳಿಯ ತಾಲೂಕುವಾರು ಹಣದಲ್ಲಿ ಕನಿಷ್ಠ ಮೂರನೇ ಒಂದು ಪಾಲು ಯಾವ ಕಟ್ಟೂ ಇಲ್ಲದೆ, ಬದುಕು-ದುಡಿಮೆಯ ಕೆಲಸಕ್ಕೆಂದೇ, ಗ್ರಾಮ ಪಂಚಾಯತಿಗಳ ಕೂಟಕ್ಕೆ ಹೋಗಬೇಕು. ಪಾಲು ಇಷ್ಟೇ ಎಂದು ನಾನು ಹಟ ಹಿಡಿಯುವುದಿಲ್ಲ, ನಾಲ್ಕನೇ ಒಂದಾದರೂ ಸರಿ, ಆದರೆ ಮೊತ್ತ ಸಭೆಗೆ ಮುಂಚೆ ಗೊತ್ತಿರಬೇಕು. ಉಳಿದ ಪ್ರತಿ ಕಾಮಗಾರಿಯ ಎದುರು ಇದನ್ನು ಕೇಳಿದವರು ಯಾರು, ಯಾವ ಸಭೆಯ ಎಷ್ಟನೇ ಠರಾವು ಎಂಬ ಒಂದು ಅಂಕಣ ಇರಬೇಕು. ಈ ಒಂದು ಅಂಕಣವನ್ನು ಸೇರಿಸಲು ಕಾನೂನು ತಿದ್ದುಪಡಿ ಬೇಡ, ದುಡ್ಡೂ ಬೇಡ. ಬಹಳಷ್ಟು ಸಾಲುಗಳಲ್ಲಿ ಅದು ಖಾಲಿ ಉಳಿಯುತ್ತದೆ, ಅದಕ್ಕೇ ಯಾರೂ ಸೇರಿಸುತ್ತಿಲ್ಲ.

ಮತ್ತೆ ನಿಮ್ಮ ಕಡೆ ಬರುತ್ತೇನೆ. ನಿಮ್ಮಲ್ಲಿ ನೀರಾವರಿ ಇಂಜಿನಿಯರುಗಳಿದ್ದೀರಿ, ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿ ನಿವೃತ್ತರಾದವರಿದ್ದೀರಿ, ಲೆಕ್ಕ ಪರಿಶೋಧಕರಿದ್ದೀರಿ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಊರಿನ ಡೊಳ್ಳಿನ ತಂಡ ಕರೆಸುತ್ತೀರಿ, ಒಳ್ಳೆಯದು. ಒಂದು ಪಂಚಾಯತಿಯ ಬೇಳೆ ಯಂತ್ರದ ಯೋಜನಾ ವರದಿಯನ್ನು ನೋಡಿ ತಿದ್ದಿಕೊಡಲು ಎರಡು ಭಾನುವಾರ ಸಾಕು. ಹಳ್ಳಿಯವರ ಪರವಾಗಿ ತೀರ್ಮಾನ ಮಾಡಲು ಹೋಗಬೇಡಿ, ಅದನ್ನು ಮಾಡುವವರು ಬೇಕಾದಷ್ಟಿದ್ದಾರೆ. ಅವರು ತೀರ್ಮಾನಿಸಿದ್ದಕ್ಕೆ ಲೆಕ್ಕ ಹಾಕಿಕೊಡಿ.

ಇನ್ನೊಂದು ಕೆಲಸ ನಿಮ್ಮ ಊರುಗಳಲ್ಲಿ ಮಾತ್ರ ಆಗುವಂಥದ್ದು. ವಿಧಾನಸಭೆ ಚುನಾವಣೆ ಬಂದಾಗ ಪುಣೆಯ, ಮುಂಬಯಿಯ ಕಾರ್ಮಿಕ ವಸತಿಗಳ ಎದುರು ಬಸ್ಸು, ಕ್ರೂಸರು ಬಂದು ನಿಲ್ಲುತ್ತವೆ. ಯಾದಗಿರಿಯ, ಕಲಬುರಗಿಯ ತಾಂಡಾದವರನ್ನು ಮತ ಹಾಕಲು ಕರೆದುಕೊಂಡು ಹೋಗಿ ವಾಪಸು ಬಿಡುತ್ತಾರೆ. ಯಾವ ಊರಿನವರು ಯಾವ ಶೆಡ್ಡಿನಲ್ಲಿದ್ದಾರೆ ಎಂಬ ಪಟ್ಟಿ ಪಕ್ಷಗಳ ಹತ್ತಿರ ಮನೆ ಸಹಿತ ಇದೆ. ಗ್ರಾಮಸಭೆಗೆ ಮಾತ್ರ ಯಾರೂ ಬಸ್ಸು ಕಳಿಸುವುದಿಲ್ಲ. ಯೋಜನೆಯ ಸಭೆಗಳ ಕೊನೆಯ ಸುತ್ತು ನಡೆಯುವ ಹೊತ್ತಿಗೆ ಯಾರಿಗಾಗಿ ಯೋಜನೆಯೋ ಅವರೇ ಊರಲ್ಲಿ ಇರುವುದಿಲ್ಲ. ಸಭೆಯನ್ನು ಯುಗಾದಿಗೋ ಊರ ಜಾತ್ರೆಗೋ ಇಡಬಹುದು, ಆಗ ಎಲ್ಲರೂ ಬಂದಿರುತ್ತಾರೆ. ಅದೂ ಆಗದಿದ್ದರೆ ಪಿಡಿಒ ಮತ್ತು ಇಬ್ಬರು ಸದಸ್ಯರು ಠರಾವು ಪುಸ್ತಕ ಹಿಡಿದುಕೊಂಡು ರಾತ್ರಿ ರೈಲಿಗೆ ಪುಣೆಗೆ ಬರಲಿ, ಒಂದು ಭಾನುವಾರ ಶೆಡ್ಡಿನ ಮುಂದೆ ಕೂತು ಬರೆದುಕೊಳ್ಳಲಿ. ಅಲ್ಲಿ ಕೂರಲು ಒಂದು ಚಾಪೆ, ಕುಡಿಯಲು ನೀರು, ಕನ್ನಡದಲ್ಲಿ ಬರೆಯಬಲ್ಲ ನಾಲ್ಕು ಜನ ಬೇಕಾಗುತ್ತದೆ. ಅಷ್ಟನ್ನು ಪುಣೆಯ ಕನ್ನಡಿಗರು ಮಾಡಬಲ್ಲರು. ಮಂಡಳಿ ರೈಲಿನ ಟಿಕೆಟ್ಟಿಗೆ ದುಡ್ಡು ಕೊಡುತ್ತದೆಯೇ ಎಂದು ಈ ವಾರವೇ ಕಲಬುರಗಿಗೆ ಪತ್ರ ಬರೆಯುತ್ತಿದ್ದೇನೆ. ಜೊತೆಗೆ ಸಹಿ ಹಾಕುವವರು ಈ ಮಿಂಚಂಚೆಗೆ ಉತ್ತರಿಸಿ, ನಿಮ್ಮ ಊರಿನ ಮತ್ತು ತಾಲೂಕಿನ ಹೆಸರು ಮರೆಯದೆ ಬರೆಯಿರಿ.